ಖಾಲಿ ಕುರ್ಚಿಯಾಗ ಕುಂತು ನೋಡಿದ ಆಟ

ಅಮೆರಿಕಾಕ್ಕ ಹೋಗಿ ಬಂದೀನಿ ಅಂದಕೂಡ್ಲೇ ಗಂಗಾವತಿ ಮಂದಿ ನನ್ನ ಹಿಡಿದು ಕುಂದ್ರಿಸಿ ಕೇಳೋದು ಒಂದ ನಮೂನಿ. ಮುಗಿಲು ಮುಟ್ಟೋ ಮನಿ ನೋಡಿದ್ರೇನ್ರಿ ಮಾಸ್ತರ? ನೆಲದ ಕೆಳಗ ಓಡೋ ರೈಲು ಹತ್ತಿದ್ರೇನ್ರಿ? ಅಲ್ಲಿ ಹೆಣ್ಮಕ್ಕಳ ಬಸ್ ಹೊಡೀತಾರಂತ, ಖರೇ ಏನು? ನಾನು ಎಲ್ಲಾದಕ್ಕೂ ಹೂಂ ಅಂತೀನಿ. ಅಲ್ಲ ಅಂದ್ರ ಅವರಿಗೆ ಬ್ಯಾಸರ ಆಗ್ತೈತಿ. ಖರೆ ಹೇಳಬೇಕಂದ್ರ ಅದ್ಯಾವದನ್ನೂ ನಾ ನೋಡಲಿಲ್ಲ. ನಾ ನೋಡಿದ್ದು ಬಾಸ್ಕೆಟ್‌ಬಾಲ್ ಆಟ, ಆಟ ಮುಗಿದ ಮ್ಯಾಲ ಮಂದಿ ಕುಂತು ಆಡಿದ ಮಾತು, ಮತ್ತ ಒಂದು ಕಟ್ಟಿಗಿ ಕುರ್ಚಿ. ಅದನ್ನ ಹೇಳಾಕ ಸುರು ಮಾಡಿದ್ರ ಅರ್ಧಕ್ಕ ಎದ್ದು ಹೋಗ್ತಾರ. ಅದಕ್ಕ ಬರದಿಡಾಕತ್ತೀನಿ. ಓದಾವ್ರು ಅರ್ಧಕ್ಕ ಎದ್ದು ಹೋದ್ರೂ ನನಗ ಕಾಣೂದಿಲ್ಲ ನೋಡ್ರಿ.

ನಾನು ಗಂಗಾವತಿಯ ಒಂದು ಹೈಸ್ಕೂಲಿನ ಡ್ರಿಲ್ ಮಾಸ್ತರ. ಹೆಸರು ಈರಣ್ಣ. ಹುಟ್ಟಿದೂರು ಮರಳಿ. ಸಣ್ಣಾಂವಿದ್ದಾಗಿಂದ ಕಬಡ್ಡಿ ಆಡಿ ಒಂದು ಮೊಣಕಾಲು ಕೆಡಿಸಿಕೊಂಡಾವ. ಎಂಬತ್ತನೇ ಇಸ್ವಿಯ ಆಚೀಚಿನ ಮಾತಿದು. ಒಂದು ಸೇವಾ ಸಂಸ್ಥೆಯವರು ಆಟ ಕಲಿಸೋ ಮಾಸ್ತರಗಳನ್ನ ಆರಿಸಿ ಪರದೇಶಕ್ಕ ಕಳಿಸ್ತಿದ್ರು. ಅಲ್ಲಿ ಯಾರದರ ಮನ್ಯಾಗ ಇರಬೇಕು, ಅವರ ಆಟ ನೋಡಬೇಕು, ನಮ್ಮ ಆಟ ತೋರಿಸಬೇಕು. ನಮ್ಮ ಹೆಡ್ ಮಾಸ್ತರು ವಿಮಾನಕ್ಕ ಅಂಜಿ ತಮ್ಮ ಬದಲಿ ನನ್ನ ಹೆಸರು ಬರದು ಕೊಟ್ರು. ಹಿಂಗಾತು ನನ್ನ ನಸೀಬ.

ಕಸ್ಟಮ್ಸ್ ಕಟ್ಟಿ

ಹೊಂಡೋ ಮುಂದ ನಮ್ಮಾಕಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ಲು. "ಅಲ್ಲಿ ಬರೇ ಬ್ರೆಡ್ ತಿಂತಾರಂತ, ನೀವು ಸಾಯ್ತೀರಿ" ಅಂದ್ಲು. ಮುಂಬಯಿ ತನಕ ರೊಟ್ಟಿ ಗಟ್ಟಿಮುಟ್ಟಾಗಿದ್ವು. ವಿಮಾನ ಇಳಿಯೋದ್ರಾಗ ಪುಡಿಪುಡಿ. ಅಮೆರಿಕಾದ ಕಸ್ಟಮ್ಸ್ ಸಾಹೇಬ ಆ ಪುಡಿಯನ್ನ ಬೆರಳಾಗ ಹಿಡಿದು, ನನ್ನ ಮುಖಾ ನೋಡಿ, ಮತ್ತ ಪುಡಿ ನೋಡಿ, "ಏನಿದು?" ಅಂದ. ನಾನು ಇಂಗ್ಲಿಷಿನ್ಯಾಗ ಜ್ವಾಳ, ಹಿಟ್ಟು, ಹೆಂಡ್ತಿ ಅಂತ ಮೂರೂ ಹೇಳಿದೆ. ಅವ ಚಟ್ನಿ ಡಬ್ಬಿ ತಗದು ಮೂಗಿಗೆ ಹಿಡಿದ. ಆಮ್ಯಾಲ ಅವ ಸೀನಿದ್ದು ನೋಡ್ರಿ, ಸಾಲಿನ್ಯಾಗ ನಿಂತ ಮಂದಿಯೆಲ್ಲಾ ಹಿಂದಕ್ಕ ಸರದ್ರು. ಕಣ್ಣೊರಸಿಕೋತ "ಹೋಗು, ಹೋಗು" ಅಂತ ಕೈಮಾಡಿದ. ನಾನು ಡಬ್ಬಿ ಮುಚ್ಚಿಕೊಂಡು ಹೊಂಟೆ.

ಈ ಪರವಾಸದಾಗ ನಗೂ ಸಂಗತಿ ಅಂದ್ರ ಇದೊಂದ.

ಮೆಕ್ಕೆಜೋಳದ ಸೀಮಿ

ನನ್ನ ಪಾಲಿಗೆ ಬಂದದ್ದು ಆ ದೇಶದ ನಡುಭಾಗದ ಒಂದು ಸಣ್ಣ ಊರು. ಯಲಬುರ್ಗಾಕ್ಕಿಂತ ದೊಡ್ಡದೇನಲ್ಲ. ಒಂದು ಕಾಲೇಜು, ಒಂದು ಇಗರ್ಜಿ, ಕಾಳು ತುಂಬೋ ದೊಡ್ಡ ಕಣಜ, ಸುತ್ತಕಡೆ ಕಣ್ಣು ಹಾಯೋ ತನಕ ಮೆಕ್ಕೆಜೋಳದ ಹೊಲ. ಪೀಕು ಯಾವಾಗೋ ಕೊಯ್ದು ಹೊಲದ ಮ್ಯಾಲೆಲ್ಲಾ ಮಂಜು ಬಿದ್ದಿತ್ತು. ನಮ್ಮ ಕಡೆ ಜನವರಿ ಅಂದ್ರ ಗದ್ದ್ಯಾಗ ಭತ್ತದ ಸಸಿ ಹಚ್ಚೋ ಗದ್ದಲ, ಹಸರಂದ್ರ ಹಸರು. ಇಲ್ಲಿ ಮನಿ, ಮರ, ದನದ ಕೊಟ್ಟಿಗಿ ಎಲ್ಲಾ ಬೆಳ್ಳಗ, ಒಂದು ಹಕ್ಕಿ ಸಪ್ಪಳಿಲ್ಲ.

ನನ್ನನ್ನ ತನ್ನ ಮನಿಗೆ ಕರಕೊಂಡು ಹೋದಾತ ಹ್ಯಾರಲ್ಡ್. ಅರವತ್ತು ದಾಟಿದ ರೈತ, ಹೆಂಡ್ತಿ ಇಲ್ಲ, ಮಾತು ಕಮ್ಮಿ. ಅವನ ಟ್ರಕ್ಕಿನ್ಯಾಗ ಕುಂತು ಹೋಗೋ ಮುಂದ ಅರ್ಧ ಹಾದಿ ಸುಮ್ಮನಿದ್ದು, ಆಮ್ಯಾಲ ತಾನ ಸುರು ಮಾಡಿದ. ಅವನ ಇಂಗ್ಲಿಷ್ ಮೂಗಿನಾಗಿಂದ ಬರ್ತಿತ್ತು. ಅರಿತಷ್ಟು ನಮ್ಮ ಮಾತಿನ್ಯಾಗ ಹೇಳ್ತೀನಿ.

"ಶನಿವಾರ ಆಟ ಐತಿ. ನಮ್ಮ ಕಾಲೇಜಿನ ಹುಡುಗರು ಕ್ರಿಸ್‌ಮಸ್ಸಿನಿಂದ ಬರೇ ಸೋಲಾಕತ್ಯಾರ. ನನ್ನ ಬಾಜೂ ಹೊಲದವನ ಮಗ ಡ್ಯಾನಿ ಅಂತ, ಅವನೂ ಆಡ್ತಾನ. ಅವನ ಅಪ್ಪ ನನ್ನ ಗೆಳೆಯ. ಹೋದ ತಿಂಗಳ ತೀರಿಕೊಂಡ."

"ಅಯ್ಯ ಪಾಪ" ಅಂದೆ, ಕನ್ನಡದಾಗನ.

"ಹುಡುಗ ಕಾಲೇಜು ಬಿಡ್ತೀನಿ ಅನ್ನಾಕತ್ಯಾನ. ಇನ್ನೆರಡು ಶನಿವಾರ ಆಡಿ ಮನಿಗೆ ಬಂದುಬಿಡ್ತೀನಿ ಅಂತ ಅವ್ವಗ ಹೇಳ್ಯಾನ. ಅವರ ಹೊಲಾ ನಾನ ಮಾಡಾಕತ್ತೀನಿ, ಹೊಲಕ್ಕೇನೂ ಅವ ಬೇಕಾಗಿಲ್ಲ. ಅವರ ಮನೆತನದಾಗ ಕಾಲೇಜು ಕಂಡಾವ ಅವನೊಬ್ಬನ. ಅವರ ಅವ್ವ ಕೇಳಿದ್ರ, ಅಲ್ಲಿ ನನಗ ಯಾರೂ ಇಲ್ಲ ಅಂತಾನಂತ."

ಇಂಥಾ ಹುಡುಗರನ್ನ ನನಗ ಗೊತ್ತಿತ್ತು. ಗಂಗಾವತಿಯಾಗಿರಲಿ ಇಲ್ಲಿರಲಿ, ಅಪ್ಪ ಹೋದ ಮ್ಯಾಲ ಹುಡುಗಗ ಆಟದ ಬಯಲು ಭಾಳ ದೊಡ್ಡದಾಗಿ ಕಾಣ್ತೈತಿ. ಹಂಗ ಬಿಟ್ಟು ಹೋದಾವ್ರು ತಿರುಗಿ ಬರೋದು ಕಮ್ಮಿ.

ಆಟದ ಮನಿ

ನಮ್ಮಲ್ಲಿ ಆಟ ಅಂದ್ರ ಬಯಲು. ಯಲಬುರ್ಗಾದ ಬಯಲಿನ್ಯಾಗ ಕಲ್ಲು ಆರಿಸಿ ಕಬಡ್ಡಿ ಗೆರಿ ಹಾಕಬೇಕು, ಕುಷ್ಟಗಿಯಾಗ ಧೂಳಿನ್ಯಾಗ ಯಾರು ಯಾರನ್ನ ಹಿಡಿದ್ರೋ ತಿಳಿಯೂದಿಲ್ಲ. ಇಲ್ಲಿ ಆಟಕ್ಕ ಒಂದು ಮನಿ. ಒಳಗ ಕನ್ನಡಿಯಂಥಾ ಕಟ್ಟಿಗಿ ನೆಲ, ಸುತ್ತ ಮೆಟ್ಟಲ ಮ್ಯಾಲ ಮಡಚೋ ಕಟ್ಟಿಗಿ ಕುರ್ಚಿ. ಊರಿಗೂರ ಬಂದಿತ್ತು. ವರ್ಷದ ಮದಲ ಎಲ್ಲರೂ ತಮ್ಮ ತಮ್ಮ ಕುರ್ಚಿ ಹಿಡಿದಿಟ್ಟಿರ್ತಾರ; ಒಬ್ಬರ ಕುರ್ಚಿಯಾಗ ಇನ್ನೊಬ್ಬರು ಕುಂದ್ರೂದಿಲ್ಲ. ಹ್ಯಾರಲ್ಡ್ ತನ್ನ ಕುರ್ಚಿ ಬಾಜೂಕ ಖಾಲಿ ಇದ್ದ ಕುರ್ಚಿ ತೋರಿಸಿ, "ಇಲ್ಲಿ ಕುಂದ್ರು" ಅಂದ. ಕುಂತೆ. ಹಿಂದಿನ ಸಾಲಿನ ಒಬ್ಬ ಮುದುಕಿ ನನ್ನ ನೋಡಿ ಬಾಯಿಗೆ ಕೈ ಅಡ್ಡ ಹಿಡಿದ್ಲು. ನಾ ಹಾಕಿದ್ದು ಕೊಪ್ಪಳದಾಗ ಕೊಂಡ ಕೆಂಪ ಮಂಕಿ ಟೊಪಗಿ. ಅದನ್ನ ನೋಡಿ ಗಾಬರಿ ಆಗ್ಯಾಳ ಅನಕೊಂಡು ಟೊಪಗಿ ತಗದು ತೊಡಿ ಮ್ಯಾಲ ಇಟಗೊಂಡೆ.

ಆಟದ ಕಾಯಿದೆ ಪೂರಾ ಹೇಳಾಕ ಹೋಗೂದಿಲ್ಲ. ತಮ್ಮ ಬುಟ್ಟಿಗೆ ಚೆಂಡು ಬೀಳದಂಗ ಕಾಯೋದಕ್ಕ ಅವರು ಡಿಫೆನ್ಸ್ ಅಂತಾರ. ಅದನ್ನ ಮಾಡಾಕ ಎರಡು ಪದ್ಧತಿ. ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯ ಬೆನ್ನು ಹತ್ತೋದು ಒಂದು. ಅಂಗಳಾನ ಹಂಚಿಕೊಂಡು ತನ್ನ ತನ್ನ ಪಾಲಿನ ಜಾಗಾ ಕಾಯೋದು ಇನ್ನೊಂದು. ಕಾಲುವಿ ನೀರು ಬಂದಾಗ ನಾವು ನಮ್ಮ ನಮ್ಮ ತೂಬು ಕಾಯ್ತೀವಲ್ಲ, ಹಂಗ. ಒಬ್ಬ ಮೈಮರೆತ್ರ ನೀರು ಅವನ ಕಡೆಯಿಂದನ ಒಡಕೊಂಡು ಹೋಗ್ತೈತಿ. ಅವತ್ತು ಆ ಹುಡುಗರು ಮಾಡಿದ್ದು ಈ ಎರಡನೇದ್ದು.

ಎಡಗಡೆ ಮೂಲಿ ಡ್ಯಾನಿಯ ಪಾಲು. ಹ್ಯಾರಲ್ಡ್ ಬೆರಳು ಮಾಡಿ ತೋರಿಸಿದ. ಉದ್ದನ್ನ ಹುಡುಗ, ಕಿವಿ ಅಗಲ, ಕೈ ಇನ್ನೂ ಅಗಲ. ಕಬಡ್ಡಿ ಮಾಸ್ತರನ ಕಣ್ಣಿಗೆ ಕಾಲು ಮದಲ ಕಾಣ್ತಾವ. ಛಲೋ ಕಾಲು ಅವನವು, ಹಗೂರ, ನೆಲಾ ಅರಿತ ಕಾಲು. ಆದ್ರ ಚೆಂಡು ಆ ಕಡೆ ಬಂದಾಗೊಮ್ಮೆ ಅವ ತಲಿ ಎತ್ತಿ ಮೆಟ್ಟಲ ಕಡೆ ನೋಡಾವ. ಅರೆಗಳಿಗೆ, ಅಷ್ಟ. ಅಷ್ಟರಾಗ ಎದುರಿನವ ಅವನ ಬೆನ್ನ ಹಿಂದ ಹಾದು ಚೆಂಡು ಬುಟ್ಟಿಗೆ ಹಾಕಿರಾವ.

ಮದಲ ನನಗ ನಗಿ ಬಂತು. ಅವ ನೋಡೋದು ನನ್ನ ಕಡೆನ! ಈ ಊರಾಗ ಇಂಥಾ ಕರೀ ಮುಖಾ, ಇಂಥಾ ಮೀಸಿ ನೋಡಿಲ್ಲ, ಹುಡುಗಗ ಸೋಜಿಗ ಅನಕೊಂಡೆ. ಒಂದು ಸಲ ಸಣ್ಣಗ ಕೈಯೂ ಎತ್ತಿದೆ. ಅವ ಥಟ್ಟನ ಮುಖಾ ತಿರುಗಿಸಿದ.

ಸುತ್ತ ಮಂದಿಯೆಲ್ಲಾ ಚಪ್ಪಾಳಿ ಹೊಡಕೋತ ಒಂದ ದನಿಲೆ "ಡಿಫೆನ್ಸ್! ಡಿಫೆನ್ಸ್!" ಅಂತ ಕೂಗಾಕತ್ತಿದ್ರು. ಒಬ್ಬರೂ ಹುಡುಗರ ಹೆಸರು ಹಿಡಿದು ಕೂಗಲಿಲ್ಲ. ಮರಳಿಯಾಗ ಆಗಿದ್ರ ಇಷ್ಟೊತ್ತಿಗೆ "ಏ ಬಸ್ಯಾ, ನಿನ್ನ ಕಣ್ಣಾಗ ಏನ್ ಬಿದ್ದೈತಲೇ" ಅಂತ ನಾಕು ಕಡೆಯಿಂದ ಬರ್ತಿತ್ತು. ಅವತ್ತು ಅವರು ಸೋತ್ರು. ಹೆಚ್ಚುಕಮ್ಮಿ ಪೂರಾ ಎಡಗಡೆಯಿಂದನ ಸೋತ್ರು.

ಇಗರ್ಜಿ ಕೆಳಗಿನ ಖೋಲಿ

ನಮ್ಮಲ್ಲಿ ಆಟ ಮುಗೀತಂದ್ರ ಮಿರ್ಚಿ ಅಂಗಡಿ ಮುಂದ ಪಂಚಾಯ್ತಿ. ಮಂಡಾಳ ಒಗ್ಗರಣಿ ಒಂದು ಕೈಯಾಗ, ಮಿರ್ಚಿ ಒಂದು ಕೈಯಾಗ, ಬಾಯಾಗ ಬೈಗಳ. ಇವರದು ಇಗರ್ಜಿ ಕೆಳಗಿನ ಖೋಲಿ. ಉದ್ದನ್ನ ಮೇಜು, ಸೇಬಿನ ಹಣ್ಣು ತುಂಬಿ ಸುಟ್ಟ ಒಂದು ನಮೂನಿ ಕಡಬು, ಹಾಲಿಲ್ಲದ ಕರೀ ಕಾಫಿ. ಹಗಲಾಟ ಇದ್ದ ಶನಿವಾರ ಸೋಲಲಿ ಗೆಲ್ಲಲಿ ಇಲ್ಲೇ ಕೂಡೋದು ಊರಿನ ವಾಡಿಕಿ. ಒಬ್ಬ ಹೆಣ್ಮಗಳು ಕೆಟಲಿ ಹಿಡಿದು ಎಲ್ಲರ ಕಪ್ಪಿಗೂ ಸುರುವಿಕೋತ ತಿರುಗಾಡಾಕತ್ತಿದ್ಲು. ನನ್ನ ಕಪ್ಪು ತುಂಬಿಸಿ ಸುಮ್ಮನ ನಕ್ಕು ಮುಂದ ಹೋದ್ಲು.

ಮಾತು ಸುರುವಾತು. ಊರಿನ ಕ್ಷೌರಿಕ ಒಬ್ಬಾತ, ಹೆಸರು ಎಡ್, ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಚಮಚ ಎಲ್ಲಾ ಜೋಡಿಸಿ ಮೇಜಿನ ಮ್ಯಾಲ ಡಿಫೆನ್ಸ್ ನಿಲ್ಲಿಸಿದ.

"ನಾವು ಎಡಕ್ಕ ತಡಾ ಮಾಡಾಕತ್ತೀವಿ" ಅಂದ.

"ನಮ್ಮ ಪದ್ಧತಿನ ಸರಿ ಇಲ್ಲ. ಜಾಗಾ ಕಾಯೋದು ಬಿಟ್ಟು ಆಳಿಗಾಳು ಹಿಡೀಬೇಕು" ಅಂದ ಇನ್ನೊಬ್ಬ.

"ನಾವು ಒಬ್ಬರಿಗೊಬ್ಬರು ಮಾತಾಡವಲ್ಲಿವಿ. ಡಿಫೆನ್ಸ್ ಅಂದ್ರ ಮಾತು" ಅಂದ ಹ್ಯಾರಲ್ಡ್.

ನಾವು, ನಾವು, ನಾವು. ಅರವತ್ತು ದಾಟಿದಾವ್ರೂ ತಾವ ಆಡಿ ಸೋತು ಬಂದಂಗ ಮಾತಾಡ್ತಿದ್ರು. ಒಳ್ಳೇದನಿಸಿತು, ಖರೆ. ಆದ್ರ ತಿರುಗಿ ತಿರುಗಿ ಎಡಗಡೆ ಅಂತಾರ, ಎಡಗಡೆ ಇದ್ದಾವನ ಹೆಸರು ಮಾತ್ರ ಯಾರ ಬಾಯಾಗೂ ಬರವಲ್ದು. ಎಡ್ ಎಡಗಡೆ ಮೂಲ್ಯಾಗ ಏನನ್ನೂ ಇಟ್ಟಿರಲಿಲ್ಲ. ಉಪ್ಪಿಲ್ಲ, ಚಮಚಿಲ್ಲ. ಜಾಗಾನ ಖಾಲಿ.

ಅಷ್ಟರಾಗ ಎಡ್ ನನ್ನ ಕಡೆ ತಿರುಗಿ, "ನೀವು ಆಟ ಕಲಿಸಾವ್ರು, ನಿಮಗೇನು ಕಂಡಿತು?" ಅಂದ.

ಕೇಳಬಾರದಾಗಿತ್ತು. ಕೇಳಿದ. ನಾನು ನಮ್ಮ ಮಿರ್ಚಿ ಅಂಗಡಿ ಮುಂದ ಕುಂತಂಗ ಸಕ್ಕರಿ ಬಟ್ಟಲಾ ತಗದು ಎಡಗಡೆ ಮೂಲ್ಯಾಗ ಠಪ್ಪನ ಇಟ್ಟೆ. "ಇವ ಡ್ಯಾನಿ" ಅಂದೆ. "ಇವತ್ತು ಸೋಲಿಸಿದಾವ ಇವನ. ಕಾಲು ಛಲೋ ಅದಾವ. ಕಣ್ಣು ಆಟದಾಗಿಲ್ಲ. ತಲಿ ಎತ್ತಿ ಮ್ಯಾಲ ನೋಡ್ತಾನ, ಅಷ್ಟರಾಗ ಹಿಂದ ಹಾದು ಹೋಗ್ತಾರ. ಪದ್ಧತಿ ಸರಿ ಐತಿ. ಡ್ಯಾನಿಗೆ ಬುದ್ಧಿ ಹೇಳ್ರಿ."

ಎಡ್ ತನ್ನ ಕಪ್ಪಿನ್ಯಾಗ ಮುಖಾ ಹಾಕಿದ. ಹ್ಯಾರಲ್ಡ್ ಕಣ್ಣು ಮುಚ್ಚಿದ. ನನ್ನ ಹಿಂದ ಕೆಟಲಿ ಮೇಜಿನ ಮ್ಯಾಲ ಇಟ್ಟ ಸಪ್ಪಳಾತು. ತಿರುಗಿ ನೋಡಿದ್ರ ಕಾಫಿ ಸುರುವೋ ಹೆಣ್ಮಗಳು.

"ನಾನು ರೂತ್" ಅಂದ್ಲು. "ಡ್ಯಾನಿಯ ಅವ್ವ."

ಯಪ್ಪಾ, ಭೂಮಿ ಬಾಯಿ ತೆರೀಬಾರದೇನು ಅನಿಸಿತು. ಎದ್ದು ನಿಂತೆ, ಕೈ ಜೋಡಿಸಿದೆ. ಇಂಗ್ಲಿಷ್ ಮರೆತು ಹೋಗಿ "ತಪ್ಪಾತ್ರಿ ಅಕ್ಕಾರ" ಅಂದೆ.

ಆಕಿ ನನ್ನ ಎದುರಿನ ಕುರ್ಚಿ ಎಳಕೊಂಡು ಕುಂತ್ಲು. "ಕುಂದ್ರಿ" ಅಂದ್ಲು. "ಅವರ ಅಪ್ಪ ಹೋದಾಗಿಂದ ಈ ಊರಾಗ ನನ್ನ ಮುಂದ ನನ್ನ ಮಗನ ಹೆಸರು ತಗದಾವ್ರು ನೀವ ಮದಲು. ನಾ ಬಂದ್ರ ಎಲ್ಲರೂ ಡಿಫೆನ್ಸ್ ಅಂತಾರ. ನಾ ಆಟ ನೋಡಾಕ ಹೋಗಿಲ್ಲ, ನನಗ ಹೋಗಾಕ ಆಗವಲ್ದು. ನನ್ನ ಮಗ ಹೆಂಗ ಆಡ್ತಾನ ಅಂತ ಕೇಳಿದ್ರ ಛಲೋ ಆಡ್ತಾನ ಅಂತಾರ. ಛಲೋ ಆಡಿದ್ರ ಯಾಕ ಸೋಲ್ತಾರ? ಹೇಳ್ರಿ. ಪೂರಾ ಹೇಳ್ರಿ."

"ರೂತ್, ನಿನಗ ನೋವಾಗಬಾರದು ಅಂತ..." ಅಂದ ಎಡ್.

"ಗೊತ್ತೈತಿ ಎಡ್. ಆದ್ರೂ ಆಗೇತಿ."

ಆಗ ನಾನು ನಂದೊಂದು ಸಂಗತಿ ಹೇಳಿದೆ. ನಮ್ಮಪ್ಪ ಹೋದಾಗ ನಾ ಆ ಹುಡುಗನಷ್ಟ ಇದ್ದೆ. ಅಪ್ಪನ ದಿನಕರ್ಮ ಮುಗಿಸಿ ತಿರುಗಿ ಕಬಡ್ಡಿ ಆಡಾಕ ಹೋದ್ರ ಎಲ್ಲರೂ ಪಾಪ ಅನ್ನಾವ್ರ. ಕುಷ್ಟಗಿಯಾಗ ಒಂದು ಆಟ. ಏರಿ ಬಂದಾವರು ನನ್ನ ಮೂಲಿಯಿಂದನ ಮುಟ್ಟಿಕೊಂಡು ಹೋದ್ರು, ಯಾರೂ ಒಂದು ಮಾತು ಅನ್ನಲಿಲ್ಲ. ನನ್ನ ಪಾಲಿಗೆ ಬಯಲಿನ್ಯಾಗ ನಾ ಇಲ್ಲಂಗ ಆಗಿತ್ತು. ಆಟ ಮುಗಿದು ಬಸ್‌ಸ್ಟ್ಯಾಂಡಿನ್ಯಾಗ ನಿಂತಾಗ ನಮ್ಮ ತಂಡದ ಹಿರೇ ಆಳು ಪಂಪಣ್ಣ ಎಲ್ಲರ ಮುಂದ ಸುರು ಮಾಡಿದ. "ಏ ಈರ್ಯಾ, ನಿನ್ನ ಮೂಲ್ಯಾಗ ಬೆದರುಗೊಂಬಿ ನಿಲ್ಲಿಸಿದ್ರೂ ನಿನಗಿಂತ ಛಲೋ ಕಾಯ್ತಿತ್ತಲೇ! ಅಪ್ಪ ಸತ್ತಾನ, ನೀ ಸತ್ತಿಲ್ಲ." ಬಸ್ ಬರೋ ತನಕ ಬೈದ. ನಾ ಅತ್ತೆ. ಆಮ್ಯಾಲ ತಾನ ಮಿರ್ಚಿ ಕೊಡಿಸಿದ. ಅಪ್ಪ ಹೋದ ಮ್ಯಾಲ ಅವತ್ತ ನನಗ ಮದಲನೇ ಸಲ ಹೊಟ್ಟಿ ಹಸೀತು.

"ನಮ್ಮಲ್ಲಿ ಹೆಸರು ಹಿಡಿದು ಬೈಯೋದು ಬಿಟ್ರಂದ್ರ ಅವನನ್ನ ಕೈಬಿಟ್ರು ಅಂತ ಅರ್ಥರಿ" ಅಂದೆ. "ಅದಕ್ಕ ಅಂದೆ. ಬ್ಯಾರೆ ಏನಿಲ್ಲ."

ರೂತ್ ಸಕ್ಕರಿ ಬಟ್ಟಲಾ ತನ್ನ ಕಡೆ ಎಳಕೊಂಡ್ಲು. "ಅವರಪ್ಪನೂ ಹಂಗ" ಅಂದ್ಲು. "ಆಟ ಆದ ಮ್ಯಾಲ ಅಡಿಗಿ ಮನ್ಯಾಗ ಅಪ್ಪ ಮಗ ಕುಂತು ಉಪ್ಪಿನ ಡಬ್ಬಿ ಸರಿಸಿ ಸರಿಸಿ ಜಗಳಾಡಾವ್ರು. ಸಾಕು ಮಾಡ್ರೋ ಮಾರಾಯರ ಅಂತ ನಾನ ಬೈತಿದ್ದೆ."

ಆಗ ಮೆಟ್ಟಲ ಇಳಕೊಂಡು ಹುಡುಗರು ಬಂದ್ರು, ತಲಿಗೂದಲು ಹಸೀನ ಇದ್ವು. ಮಂದಿ ಎಂದಿನಂಗ "ಛಲೋ ಆಡಿದ್ರಿ, ಛಲೋ ಆಡಿದ್ರಿ" ಅಂದ್ರು. ಡ್ಯಾನಿ ತಲಿ ಬಗ್ಗಿಸಿ ಮೂಲಿ ಹಿಡಿಯಾಕ ಹೊಂಟಿದ್ದ. ರೂತ್ ಎದ್ದು ನಿಂತು ಎಲ್ಲರಿಗೂ ಕೇಳಂಗ ಅಂದ್ಲು, "ಡ್ಯಾನಿ, ಇವತ್ತಿನ ಆಟ ನಿನ್ನಿಂದ ಸೋತ್ರು ಅಂತ ಇವರು ಹೇಳಾಕತ್ಯಾರ."

ನನ್ನ ಕಡೆ ಬೆರಳು ಮಾಡಿದ್ಲು. ಹುಡುಗ ನನ್ನ ನೋಡಿದ. ಮುಖದಾಗ ಸಿಟ್ಟಿರಲಿಲ್ಲ. ಬಂದು ಎದುರಿಗೆ ಕುಂತು, "ತೋರಿಸ್ರಿ" ಅಂದ.

ಸಕ್ಕರಿ ಬಟ್ಟಲಾ, ಉಪ್ಪಿನ ಡಬ್ಬಿ ಸರಿಸಿ ತೋರಿಸಿದೆ. ಚೆಂಡು ಇಲ್ಲಿ ಬಂತು, ನೀ ಇಲ್ಲಿದ್ದಿ, ತಲಿ ಎತ್ತಿದಿ, ಇವ ಹಿಂದ ಹಾದ. "ಮ್ಯಾಲ ಏನು ನೋಡ್ತಿ?" ಅಂದೆ.

"ನೀವು ಅಪ್ಪನ ಕುರ್ಚಿಯಾಗ ಕುಂತಿದ್ರಿ" ಅಂದ.

ಹ್ಯಾರಲ್ಡ್‌ನ ಕಡೆ ತಿರುಗಿದೆ. ಆ ಮುದುಕ ಮೇಜಿನ ಮ್ಯಾಲ ಎರಡೂ ಕೈ ಇಟಗೊಂಡು, "ನಾನ ಕುಂದ್ರಿಸಿದೆ" ಅಂದ. "ಆ ಖಾಲಿ ಕುರ್ಚಿ ಬಾಜೂಕ ಕುಂದ್ರಾಕ ಇನ್ನ ನನ್ನ ಕೈಲೆ ಆಗವಲ್ದಾಗಿತ್ತು. ಮಗನ, ತಪ್ಪಾತು."

ಆ ಮುದುಕಿ ಬಾಯಿಗೆ ಕೈ ಯಾಕ ಹಿಡಿದ್ಲು ಅಂತ ನನಗ ಆಗ ತಿಳೀತು. ಸತ್ತಾವನ ಜಾಗಾದಾಗ ಕುಂತು, ಅವನ ಮಗನಿಗೆ ಕೈಯೆತ್ತಿ ಆಟಾ ಆಡಿಸಿದ್ದೆ. ನಾಚಿಕಿಯಾತು ಅಂದ್ರ ಸಣ್ಣ ಮಾತಾತು.

"ಇಲ್ಲ, ಖಾಲಿ ಇದ್ದಾಗ ಇದಕ್ಕಿಂತ ಹೆಚ್ಚು ನೋಡ್ತಿದ್ದೆ" ಅಂದ ಡ್ಯಾನಿ. "ಯಾರೋ ಎದ್ದು ಹೋಗ್ಯಾರ, ಈಗ ಬರ್ತಾರ ಅನಸ್ತಿತ್ತು."

ಎಡ್ ಸಕ್ಕರಿ ಬಟ್ಟಲಾ ಅವನ ಮುಂದಕ್ಕ ಸರಿಸಿ, "ಡ್ಯಾನಿ, ಕ್ರಿಸ್‌ಮಸ್ಸಿನಿಂದ ನೀ ಎಡಗಡೆ ಬಾಗಿಲಾ ತೆರೆದಿಟ್ಟು ಮಲಗಾಕತ್ತಿ" ಅಂದ. ಅಷ್ಟು ಸಾಕಾತು. ಇನ್ನೊಬ್ಬ, "ಕಳಕೊಂಡ ಚೆಂಡಿನ ಹಿಂದ ಓಡೋದನ್ನೂ ಬಿಟ್ಟಾನ" ಅಂದ. "ಸ್ವಲ್ಪ ತಿನ್ನೋದಾರ ತಿನ್ನಲೇ, ಗಾಳಿಗೆ ಹಾರ್ತಿ" ಅಂದ ಹ್ಯಾರಲ್ಡ್. ಒಬ್ಬೊಬ್ಬರ ಸುರು ಹಚ್ಚಿಕೊಂಡ್ರು, ಡ್ಯಾನಿ, ಡ್ಯಾನಿ, ಡ್ಯಾನಿ ಅಂತ. ಹುಡುಗ ಕೇಳಿಕೋತ ಕುಂತ. ಕಣ್ಣಾಗಿನ ನೀರು ಒರಸಿಕೊಳ್ಳಲೂ ಇಲ್ಲ. ರೂತ್ ಅವನ ಮುಂದ ಸೇಬಿನ ಕಡಬು ಇಟ್ಲು. ಅಳಕೋತನ ಪೂರಾ ತಿಂದ, ಇನ್ನೊಂದು ತುಂಡು ಕೇಳಿದ.

ಹುಲ್ಲಿನ ಕೊಟ್ಟಿಗಿ

ನಡುವಿನ ವಾರದಾಗ ಹುಡುಗ ಹ್ಯಾರಲ್ಡ್‌ನ ದನಕ್ಕ ಹುಲ್ಲು ಹಾಕಾಕ ಬಂದ. ನಿಮ್ಮ ಆಟ ತೋರಿಸ್ರಿ ಅಂದ. ಹುಲ್ಲು ಹರವಿದ ನೆಲದ ಮ್ಯಾಲ ಗೆರಿ ಎಳದು ಕಬಡ್ಡಿ ತೋರಿಸಿದೆ. ಹಸುಗಳು ಮೆಲುಕು ಹಾಕೋದು ಬಿಟ್ಟು ನೋಡಿದ್ವು. ಏರಿ ಬರಾವನ ಮುಖಾ ನೋಡಬ್ಯಾಡ, ಕಾಲು ನೋಡು ಅಂದೆ. ಮುಖಾ ಸುಳ್ಳು ಹೇಳ್ತೈತಿ, ಕಾಲಿಗೆ ಸುಳ್ಳು ಹೇಳಾಕ ಬರೂದಿಲ್ಲ. ಅವ ಜಲ್ದಿ ಕಲಿತ. ನನ್ನ ಕೆಟ್ಟ ಮೊಣಕಾಲು ಹಿಡಿದು ಕೆಡವಿಬಿಟ್ಟ. ಬಿದ್ದಲ್ಲಿಂದನ "ಶಾಬಾಸ್ ಡ್ಯಾನ್ಯಾ" ಅಂದೆ.

"ಡ್ಯಾನ್ಯಾ ಅಂದ್ರ?" ಅಂದ.

"ನಮ್ಮ ಹುಡುಗ ಅಂದಂಗ. ಬಸವರಾಜ ನಮ್ಮವನಾದ್ರ ಬಸ್ಯಾ ಆಗ್ತಾನ. ನೀನು ಡ್ಯಾನ್ಯಾ."

ಕಾಲೇಜು ಬಿಡೋದರ ಬಗ್ಗೆ ಕೇಳಬೇಕಂತ ನಾಲಿಗಿ ತುದಿಗೆ ಬಂದಿತ್ತು. ಕೇಳಲಿಲ್ಲ. ಅವನೂ ಹೇಳಲಿಲ್ಲ. ಹೊಂಡೋ ಮುಂದ ಮಾತ್ರ, "ಶನಿವಾರ ಅದ ಕುರ್ಚಿಯಾಗ ಕುಂದ್ರಿ" ಅಂದ.

ಎರಡನೇ ಶನಿವಾರ

ಅವತ್ತ ರೂತ್ ಬಂದ್ಲು. ಬಾಗಿಲದಾಗ ಒಂದು ಗಳಿಗಿ ನಿಂತ್ಲು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಬ್ಯಾಡ ಅಂತ ತಲಿ ಅಲ್ಲಾಡಿಸಿ ನನ್ನ ಈಚೆ ಬಾಜೂಕ ತನ್ನ ಕುರ್ಚಿಯಾಗ ಕುಂತ್ಲು. ಬರೋ ಸೋಮವಾರ ಕಾಲೇಜಿನ್ಯಾಗಿನ ಹುಡುಗನ ಖೋಲಿ ಖಾಲಿ ಮಾಡಬೇಕು ಅಂತ ಹ್ಯಾರಲ್ಡ್‌ನ ಟ್ರಕ್ಕು ಕೇಳೀನಿ ಅಂದ್ಲು. ಅದನ್ನ ಹೇಳೋ ಮುಂದ ಆಕಿ ಕೈಚೀಲದ ಹಿಡಿಕಿ ತಿರುವಿಕೋತ ಕುಂತಿದ್ಲು.

ಆಟ ಸುರುವಾತು. ಎಡಗಡೆ ಮೂಲ್ಯಾಗ ಹುಡುಗ ಗಟ್ಟಿಯಾಗಿ ನಿಂತಿದ್ದ. ಎದುರಿನವರ ಕಾಲು ನೋಡಿ ಚೆಂಡು ತಡದ. ಎಡ್ ಎದ್ದು "ಡ್ಯಾನಿ!" ಅಂತ ಕೂಗಿದ. ಮಂದಿ ಎಲ್ಲಾ ಡಿಫೆನ್ಸ್ ಬಿಟ್ಟು ಡ್ಯಾನಿ ಅನ್ನಾಕ ಹತ್ತಿದ್ರು. ಆದ್ರ ಆಟ ಬಿಗಿ ಆದಂಗ, ದಣಿವಾದಂಗ, ಚೆಂಡು ಅವನ ಕಡೆ ಬರೋ ಹೊತ್ತಿಗೆ ನೋಡಿದೆ, ಅವನ ತಲಿ ಏಳಾಕತ್ತಿತ್ತು. ಗದ್ದ ಮದಲ ಎದ್ದಿತು, ಆಮ್ಯಾಲ ಕಣ್ಣು. ಇನ್ನೇನು ಮೆಟ್ಟಲ ಮ್ಯಾಲ, ಈ ಕುರ್ಚಿ ಮ್ಯಾಲ ಬೀಳಬೇಕು.

ನಾ ಎಲ್ಲಿದೀನಿ, ಯಾವ ದೇಶ, ಯಾವ ಭಾಷಾ ಎಲ್ಲಾ ಮರೆತು ಹೋತು. ಎದ್ದು ನಿಂತು, ಮರಳಿ ಬಯಲಿನ್ಯಾಗ ಒದರಿದಂಗ ಒದರಿದೆ:

"ಏ ಡ್ಯಾನ್ಯಾ! ಮುಂದ ನೋಡಲೇ!"

ಸುತ್ತಿನವರು ಬೆಚ್ಚಿ ಬಿದ್ರು. ಹುಡುಗಗ ಆ ಮಾತು ತಿಳಿಯಂಗಿಲ್ಲ, ದನಿ ತಿಳೀತು. ಗದ್ದ ಥಟ್ಟನ ಕೆಳಗಿಳೀತು. ಎರಡೂ ಕೈ ಚಾಚಿ ಚೆಂಡು ಕಸಕೊಂಡ. ಆಮ್ಯಾಲ ಆಟ ಮುಗಿಯೋ ತನಕ ಮ್ಯಾಲ ನೋಡಲಿಲ್ಲ. ರೂತ್ ನನ್ನ ತೋಳು ಹಿಡಕೊಂಡಿದ್ಲು. ಬೆರಳಿನ ಗುರುತು ಮಲಗೋ ತನಕ ಇದ್ವು.

ಅವತ್ತೂ ಸೋತ್ರು. ಆದ್ರ ಎಡಗಡೆಯಿಂದ ಅಲ್ಲ.

ಇಗರ್ಜಿ ಕೆಳಗಿನ ಖೋಲ್ಯಾಗ ಬಲಗಡೆ ಕಾಯೋ ಹುಡುಗನ ಸರದಿ. ಅವನಿಗೆ ಹೆಸರು ಹಿಡಿದು ಛಲೋತಂಗ ಮಂಗಳಾರತಿ ಎತ್ತಿದ್ರು. ಡ್ಯಾನಿಯೂ ಮೂರು ಮಾತು ಸೇರಿಸಿದ. ನಾ ಮರುದಿನ ಹೊಂಡಾವ. ಟೊಪಗಿ ಹಾಕ್ಕೊಂಡು ಎಲ್ಲರಿಗೂ ಕೈಮುಗಿದು ನಿಂತಿದ್ದೆ. ಡ್ಯಾನಿ ಹ್ಯಾರಲ್ಡ್ ಹತ್ರ ಬಂದ.

"ಸೋಮವಾರ ಟ್ರಕ್ಕು ಬ್ಯಾಡ" ಅಂದ. ಅಷ್ಟು ಹೇಳಿ ನಿಂತು, ಬೂಟಿನ ತುದಿ ನೋಡಿಕೋತ, "ಮುಂದಿನ ವರ್ಷ ಆ ಕುರ್ಚಿ ಖಾಲಿ ಬಿಡಬ್ಯಾಡ್ರಿ. ಬೈಯಾಕ ಬರೋರನ್ನ ಯಾರನ್ನರ ಕುಂದ್ರಿಸ್ರಿ" ಅಂದ.

ಹ್ಯಾರಲ್ಡ್ ಹುಡುಗನ ಹೆಗಲ ಮ್ಯಾಲ ಕೈ ಇಟ್ಟ. ರೂತ್ ಕೆಟಲಿ ಕೆಳಗಿಟ್ಟು, ಸೆರಗಿನಂಥಾ ಅಡಿಗಿ ಬಟ್ಟಿಗೆ ಕೈ ಒರಸಿಕೊಂಡು ನನ್ನ ಹತ್ರ ಬಂದ್ಲು.

"ನೀವು ಇವತ್ತು ಒದರಿದ್ದು ಏನು? ನನಗ ಕಲಿಸ್ರಿ" ಅಂದ್ಲು.

ಮುಂದಕ್ಕ ಬೆರಳು ಮಾಡಿ ಅರ್ಥಾ ಹೇಳಿ ಕಲಿಸಿದೆ. ಆಕಿ ನಾಲಿಗಿ ಹೊಳ್ಳವಲ್ದು. ಮುಂದ ಅಂದ್ರ ಮುಂಡಾ ಅಂತಾಳ, ಲೇ ಅನ್ನೋದು ಬರೂದ ಇಲ್ಲ. ಬಿಡಲಿಲ್ಲ ಆಕಿ. ಮಂದಿ ಕೋಟು ಹಾಕ್ಕೊಂಡು ಒಬ್ಬೊಬ್ಬರ ಹೊಂಡಾಕತ್ತಿದ್ರು. ಆ ಕಡೆ ಬಾಗಿಲ ಹತ್ರ ಡ್ಯಾನಿ ನಮಗ ಬೆನ್ನು ಮಾಡಿ ಗೆಳೆಯರ ಜೋಡಿ ಮಾತಾಡಿಕೋತ ನಿಂತಿದ್ದ. ರೂತ್ ಉಸಿರು ಎಳಕೊಂಡು, ಇಡೀ ಖೋಲಿ ಕೇಳಂಗ ಒದರಿದ್ಲು.

"ಏ ಡ್ಯಾನ್ಯಾ! ಮುಂದ ನೋಡಲೇ!"

ಹುಡುಗ ತಿರುಗಿ ಅವ್ವನ ಮುಖಾ, ಬಾಗಿಲ ಕಡೆ ಚಾಚಿದ ಆಕಿ ಬೆರಳು ನೋಡಿದ. ನೋಡಿ, ಬಾಗಿಲ ಕಡೆ ಮುಖಾ ಮಾಡಿ, ಬೆನ್ನು ಸೆಟದು ನಿಂತ.